ಬೋಲ್ಟಕ್ಕ ಕಾದ ತುಕ್ಕು

ಗಂಡ ತೀರಿಕೊಂಡ ಮೇಲೆ ಅವನ ಸ್ಪ್ಯಾನರ್ ಚೀಲವನ್ನು ಹೆಗಲಿಗೇರಿಸಿದ ಹೆಂಗಸಿಗೆ ಬೋಲ್ಟಕ್ಕ ಎಂದೇ ಹೆಸರು ನಿಂತುಬಿಟ್ಟಿತು. ಇಪ್ಪತ್ತು ವರ್ಷದಿಂದ ಆ ಬಡಾವಣೆಯ ಕೈಪಂಪುಗಳೆಲ್ಲ ಅವಳ ಮಾತು ಕೇಳುತ್ತಿದ್ದವು. ಅವಳು ಮಾತ್ರ ಯಾರ ಮಾತಿಗೂ ಸುಲಭಕ್ಕೆ ಬಗ್ಗಿದವಳಲ್ಲ. ಅವಳ ಬೀದಿಯ ಪಂಪಿನ ನೀರಲ್ಲಿ ಆರ್ಸೆನಿಕ್ ವಿಷವಿದೆಯೆಂದು ನೀರಿನ ಕಚೇರಿಯವರು ಕೆಂಪು ಬಣ್ಣ ಬಳಿದು ಹೋದಾಗಲೂ ಅಷ್ಟೇ. ಸೋಸುವ ವಿದ್ಯೆಯನ್ನು ತರಬೇತಿಗೆ ಹೋಗಿ ಕಲಿತು ಬಂದು, ದೊಡ್ಡ ಡ್ರಮ್ಮಿಗೆ ಮರಳು, ಇಟ್ಟಿಗೆ ಚೂರು, ಮೇಲೆ ತುಕ್ಕು ಹಿಡಿದ ಮೊಳೆಗಳನ್ನು ತುಂಬಿದಳು. ವಿಷ ಆ ತುಕ್ಕಿಗೆ ಅಂಟಿಕೊಳ್ಳುತ್ತದೆ, ಕೆಳಗಿನ ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತದೆ. ಆ ನೀರು ಪರೀಕ್ಷೆಯಲ್ಲಿ ಪಾಸಾದರೆ ಸರಿ, ಇಲ್ಲದಿದ್ದರೆ ಪಂಪಿನ ಹಿಡಿ ಕಿತ್ತು ಮುಚ್ಚುತ್ತೇವೆ ಎಂದು ಕಚೇರಿ ದಿನ ಗೊತ್ತುಮಾಡಿತು.

ಆ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಳೆಗಳು ಫಳಫಳ ಹೊಳೆಯುತ್ತಿದ್ದವು. ಪರೀಕ್ಷೆಗೆ ಬರುವ ಕಚೇರಿಯ ಸಾಹೇಬರು ನೋಡಿ ಮೂಗು ಮುರಿದಾರೆಂದು ನಾದಿನಿ ಹಿಂದಿನ ದಿನವೆಲ್ಲ ಕೂತು ನಿಂಬೆಹುಳಿ ಹಾಕಿ ಒಂದೊಂದನ್ನೂ ತಿಕ್ಕಿದ್ದಳು.

“ಗಲೀಜಾಗಿತ್ತಲ್ಲ ಅತ್ತಿಗೆ.”

“ಆ ಗಲೀಜೇ ನಮ್ಮನ್ನ ಕಾಯ್ತಿತ್ತು ಕಣೇ.”

ಟ್ಯಾಂಕರಿನ ನೀರನ್ನೇ ಬಾಟಲಿಗೆ ತುಂಬಿ ಕೊಟ್ಟರಾಯಿತೆಂದು ನೆರೆಯವರು ಗುಸುಗುಸು ತೆಗೆದರು. ಬೋಲ್ಟಕ್ಕ ತಿರುಗಿ ನೋಡಿದಳು. “ಬಾಟ್ಲಿ ಅವರದು, ಹೊಟ್ಟೆ ನಮ್ದು. ಟೋಪಿ ಯಾರಿಗೆ ಹಾಕ್ತೀರಿ?”

ಸಾಹೇಬರು ಬಂದಾಗ ನಡೆದದ್ದನ್ನು ನಡೆದ ಹಾಗೇ ಹೇಳಿ, ಮೊಳೆಗಳಿಗೆ ಮತ್ತೆ ತುಕ್ಕು ಹಿಡಿಸಲು ಹತ್ತು ದಿನ ಕೇಳಿದಳು. ತುಕ್ಕಿನ ಕತೆಗೆಲ್ಲ ಆದೇಶದಲ್ಲಿ ಜಾಗವಿಲ್ಲವೆಂದು ಅವರು ಜವಾನನಿಗೆ ಹಿಡಿ ಬಿಚ್ಚಲು ಹೇಳಿದರು. ಬೋಲ್ಟಕ್ಕ ಬಿಗಿದ ಬೋಲ್ಟು. ಜವಾನ ಬೆವರಿಳಿಸಿಕೊಂಡನೇ ಹೊರತು ಅದು ಅಲ್ಲಾಡಲಿಲ್ಲ. ಕೊನೆಗೆ ಅವಳೇ ಎರಡು ತಿರುವಿಗೆ ಬಿಚ್ಚಿ, ಹಿಡಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

“ಪಂಪು ಬಂದ್ ಆಯ್ತು ಅಂತ ಬರ್ಕೊಳ್ಳಿ ಸಾರ್. ಹಿಡಿ ನನ್ ಹತ್ರ ಇರುತ್ತೆ. ಹತ್ತು ದಿನ ಬಿಟ್ಟು ಬಾಟ್ಲಿ ತಗೊಂಡು ಬನ್ನಿ. ನೀವು ಬರದೇ ಇದ್ರೆ, ಡ್ರಮ್ಮನ್ನೇ ಉರುಳಿಸ್ಕೊಂಡು ನಿಮ್ಮ ಬಾಗಿಲಿಗೆ ಬರ್ತೀನಿ.”

ಮೊಳೆಗಳನ್ನು ಅಂಗಳದಲ್ಲಿ ಹರಡಿ ಉಪ್ಪುನೀರು ಚಿಮುಕಿಸಿದರು. ತಿಕ್ಕಿದ ಕೈಯಿಂದಲೇ ನಾದಿನಿ ದಿನಾ ಅವನ್ನು ಮಗುಚಿ ಹಾಕಿದಳು. ಬೀದಿಯವರು ಅಲ್ಲಿಯತನಕ ಟ್ಯಾಂಕರಿನ ಹಿಂದೆ ಸಾಲು ನಿಂತು ಗೊಣಗಿದರು. ಬೋಲ್ಟಕ್ಕನೂ ಕೊಡ ಹಿಡಿದು ಅದೇ ಸಾಲಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹತ್ತನೆಯ ದಿನ ಸಾಹೇಬರು ಬಂದರು. ತುಕ್ಕು ಹಿಡಿದ ಮೊಳೆಗಳನ್ನು ಮತ್ತೆ ಡ್ರಮ್ಮಿಗೆ ತುಂಬಿ, ಹಿಡಿ ಹಾಕಿ ನೀರು ಹೊಡೆದು ಸೋಸಿದ ಮೇಲೆ ಅವರೇ ಬಾಟಲಿ ತುಂಬಿ ಸೀಲು ಮಾಡಿದರು. ವಾರದಲ್ಲಿ ಕಾಗದ ಬಂತು: ಸೋಸಿದ ನೀರು ಕುಡಿಯಲು ಯೋಗ್ಯ.

ನಾದಿನಿ ಆಗಲೇ ಬ್ರಷ್ಷು ಹಿಡಿದು ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. “ಅತ್ತಿಗೆ, ಈ ಕೆಂಪು ಬಣ್ಣ ತಿಕ್ಕಿ ತೆಗೀಲಾ?”

“ಮುಟ್ಬೇಡ. ಸೋಸದ ನೀರು ಇನ್ನೂ ವಿಷಾನೇ, ಅದು ಎಲ್ರಿಗೂ ಕಾಣ್ಲಿ,” ಎಂದು ಬೋಲ್ಟಕ್ಕ ಹಿಡಿಯ ಬೋಲ್ಟಿಗೆ ಇನ್ನೊಂದು ಸುತ್ತು ಬಿಗಿದಳು.