ಬೆರಳು ಒತ್ತಿ ಹಿಡಿದ ದೇವರು

ನನ್ನ ಮಾವನವರು ಬಡಗಿ ಕೆಲಸ ಬಿಟ್ಟು ಕೂತ ಮೇಲೆ ಎಲ್ಲರಿಗಿಂತ ಹೆಚ್ಚು ಪಾಡು ಪಟ್ಟವಳು ನಾನು. ಕುಷ್ಟಗಿಯ ಸುತ್ತಮುತ್ತಲ ಬಂಡಿಗಳಿಗೆಲ್ಲ ಗಾಲಿ ಮಾಡಿಕೊಟ್ಟ ಕಣ್ಣು ಅದು, ಸುಮ್ಮನಿರಲು ಬರುತ್ತಿರಲಿಲ್ಲ. ಗಾಲಿ ಇಲ್ಲವೆಂದು ನನ್ನ ರೊಟ್ಟಿಯ ದುಂಡು ನೋಡಲು ಹಿಡಿದರು. “ಯವ್ವಾ, ಇದು ಈ ಕಡಿಗಿ ಒಂದೀಟು ಜಗ್ಗೈತಿ ನೋಡು” ಎಂದು ಬೆರಳಿಟ್ಟು ತೋರಿಸುವರು. ಹೊಟ್ಟೆಗೆ ಹೋಗುವ ರೊಟ್ಟಿ ಯಾವ ಊರಿಗೆ ಉರುಳಬೇಕಿತ್ತೋ!

ಆದದ್ದು ಇಷ್ಟೆ. ಮರ ಕೆತ್ತುವಾಗ ಬಾಚಿ ಜಾರಿ ಎಡಗೈ ಹೆಬ್ಬೆರಳಿಗೆ ಬಿದ್ದಿತ್ತು. ಗಾಯ ಮಾಯಿತು, ಬೆರಳು ಮಡಚುತ್ತಿತ್ತು, ಆದರೆ ಮಾವನವರು ಬಾಚಿ ಮುಟ್ಟಲಿಲ್ಲ. “ಪೂಜಿ ಮಾಡಿದ ಬಾಚಿನ ನನಗ ಬಡೀತಂದ್ರ ವಿಶ್ವಕರ್ಮ ನನ್ನ ಕೈ ಬಿಟ್ಟಾನ” ಎಂದು ಪಡಸಾಲೆ ಹಿಡಿದು ಕೂತರು. ಬಿತ್ತನೆ ಹತ್ತಿರ ಬಂದಿತ್ತು. ರೈತರು ಮುರಿದ ಕೂರಿಗೆ ತಂದು ಅಂಗಳದಲ್ಲಿ ಇಟ್ಟು ಹೋಗುತ್ತಿದ್ದರು. ಮಾವನವರು ಅತ್ತ ನೋಡುತ್ತಿರಲಿಲ್ಲ, ಊಟವೂ ಕಡಿಮೆಯಾಗಿತ್ತು. “ಕೆಲಸ ಬಿಟ್ರ ಇವ್ರು ಭಾಳ ದಿನ ಉಳಿಯಂಗಿಲ್ಲವ್ವಾ” ಎಂದು ಅತ್ತೆ ಒಲೆಯ ಮುಂದೆ ಕಣ್ಣೊರೆಸಿಕೊಂಡರು. ಹೊಗೆ ಎಂದು ನಂಬಿದವಳಂತೆ ನಾನು ಒಲೆ ಊದಿದೆ.

ಆಗ ಕೊಪ್ಪಳದ ಬೀಗರೊಬ್ಬರು ಸುದ್ದಿ ತಂದರು. ಔರಂಗಾಬಾದಿನ ಆಚೆ ವೇರೂಳದಲ್ಲಿ ಗುಡ್ಡ ಕೊರೆದು ಮಾಡಿದ ಗುಡಿಗಳಿವೆಯಂತೆ. ಅವುಗಳಲ್ಲೊಂದು ವಿಶ್ವಕರ್ಮನದೇ ಅಂತೆ. ಮಾವನವರು ಎದ್ದು ಕೂತರು. “ಯಾಕ ಕೈ ಬಿಟ್ಟಿ ಅಂತ ಹೋಗಿ ಅವನ್ನ ಕೇಳೇ ಬಿಡ್ತೀನಿ.”

ನಮ್ಮದು ನಿಜಾಮರ ಸೀಮೆ. ಸಾಲೆಯಲ್ಲಿ ನಾನು ಕಲಿತ ಉರ್ದು ಅಲ್ಲಿಯತನಕ ಒಲೆಯ ಮುಂದೆ ಕೊಳೆಯುತ್ತಿತ್ತು, ಈಗ ಅದಕ್ಕೆ ಬೆಲೆ ಬಂತು. ಅತ್ತೆ, ಮಾವ, ದುಭಾಷಿಯಾಗಿ ನಾನು, ನಮ್ಮ ಜೊತೆ ಅರ್ಧ ಊರಿಗೆ ಸಾಲುವಷ್ಟು ಖಡಕ್ ರೊಟ್ಟಿ. ರೈಲು ಬದಲಿಸಿ ಬದಲಿಸಿ ಔರಂಗಾಬಾದು ಮುಟ್ಟಿ ಟಾಂಗಾ ಹತ್ತಿದೆವು. ಹತ್ತುವ ಮೊದಲೇ ಮಾವನವರು ಬಗ್ಗಿ, “ಈ ಗಾಲಿ ಯಾವ ಹಡಬಿಟ್ಟಿ ಮಾಡ್ಯಾನ ಕೇಳು” ಎಂದರು. ನಿಮ್ಮ ಕುದುರೆ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದು ನಾನು ಟಾಂಗಾದವನಿಗೆ ಉರ್ದುವಿನಲ್ಲಿ ಹೇಳಿದೆ. ಅವನು ಖುಷಿಯಿಂದ ಮಾವನವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ಆ ಗುಡಿಯ ಒಳಗೆ ಕಾಲಿಟ್ಟವರೇ ಮಾವನವರು ಮೇಲೆ ನೋಡಿದರು. ಚಾವಣಿಗೆ ಸಾಲುಸಾಲು ಜಂತಿ, ಎಲ್ಲವೂ ಕಲ್ಲಿನವು. “ಇಡೀ ಗುಡ್ಡನ ಮ್ಯಾಲೈತಿ. ಇದಕ್ಕ ಜಂತಿ ಯಾತಕ್ಕ ಬೇಕಿತ್ತು?” ಎಂದು ಗೊಣಗಿದರು. ಆಮೇಲೆ ತಾವೇ, “ಬಡಿಗ್ಯಾನ ಕೈ ಸುಮ್ನಿರಂಗಿಲ್ಲ ಬಿಡು” ಎಂದರು.

ಎದುರಿಗೆ ದೊಡ್ಡ ಮೂರ್ತಿ. ಕುರ್ಚಿಯ ಮೇಲೆ ಕೂತವರ ಹಾಗೆ ಕಾಲು ಇಳಿಬಿಟ್ಟು, ಎದೆಯ ಮುಂದೆ ಒಂದು ಕೈಯಿಂದ ಇನ್ನೊಂದು ಕೈಯ ಬೆರಳು ಹಿಡಿದಿತ್ತು. ಅಲ್ಲಿನ ಕಾವಲುಗಾರರು ವಯಸ್ಸಾದ ಮುಸಲ್ಮಾನರು. “ಇವರು ಗೌತಮ ಬುದ್ಧರು, ಬೇಟಿ” ಎಂದರು. ಟಾಂಗಾದಲ್ಲಿ ಮಾಡಿದ ಹಾಗೆ ದೇವರ ಮುಂದೆ ಮಾಡಲಾಗದೆ, ಇದ್ದದ್ದನ್ನು ಇದ್ದಹಾಗೆ ಮಾವನವರಿಗೆ ಹೇಳಿದೆ.

“ಹಂಗಾರ ಬೆರಳು ಯಾಕ ಹಿಡಕೊಂಡಾನ? ಕೇಳು.”

ಧರ್ಮ ಬೋಧಿಸುತ್ತಿದ್ದಾರಂತೆ ಎಂದೆ.

“ಬೋಧನಿ ಮಾಡಾವ್ರು ಬೆರಳು ಎತ್ತಿ ಬೈತಾರ, ಹಿಂಗ ಒತ್ತಿ ಹಿಡಕೊಳ್ಳಂಗಿಲ್ಲ. ಇದು ಬಾಚಿ ಪೆಟ್ಟು. ರಕ್ತ ನಿಲ್ಲಲಿ ಅಂತ ಒತ್ಯಾನ.” ತಮ್ಮ ಹೆಬ್ಬೆರಳನ್ನು ಹಾಗೆಯೇ ಹಿಡಿದು ತೋರಿಸಿದರು.

ನಾನು ಉರ್ದುವಿನಲ್ಲಿ ಹೇಳಿದಾಗ ಕಾವಲುಗಾರರು ಹಣೆ ಚಚ್ಚಿಕೊಂಡು ನಕ್ಕರು. ಈ ಸೀಮೆಯ ಬಡಗಿಗಳೂ ಬಂದವರೆಲ್ಲ ಇದನ್ನೇ ಹೇಳುತ್ತಾರಂತೆ, ಬುದ್ಧ ಬುದ್ಧ ಎಂದು ಹೇಳಿ ತಮ್ಮ ಬಾಯಿ ನೋಯುತ್ತಿದೆಯಂತೆ.

ಅಲ್ಲಿಯತನಕ ಬಾಯಿಬಿಡದ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. “ಅಲ್ರೀ, ಪೆಟ್ಟು ಬಿದ್ದ ಮ್ಯಾಲ ಅವನೂ ಬಾಚಿ ಒಗದು ಸೊಸಿ ರೊಟ್ಟಿ ದುಂಡು ನೋಡಕೋತ ಕುಂತಿದ್ನೇನ್ರಿ?”

ನನಗೆ ನಗೆ ತಡೆಯಲಾಗಲಿಲ್ಲ. ಆ ಕಲ್ಲಿನ ಕಮಾನು ನನ್ನ ನಗೆಯನ್ನು ಹಿಡಿದು ಮತ್ತೆ ಮತ್ತೆ ನಕ್ಕಿತು. ಮಾವನವರು ಮಾತ್ರ ನಗಲಿಲ್ಲ. ದೇವರ ಕೈ ನೋಡುವರು, ಮೇಲಿನ ಜಂತಿ ನೋಡುವರು, ತಮ್ಮ ಬೆರಳು ನೋಡುವರು. ಕೇಳಲು ಬಂದ ಪ್ರಶ್ನೆಯನ್ನು ಕೇಳಲೇ ಇಲ್ಲ. ಕೈ ಮುಗಿದು ಹೊರಗೆ ಬಂದವರು ದಾರಿಯುದ್ದಕ್ಕೂ ಹೆಬ್ಬೆರಳು ಮಡಚಿ ಬಿಚ್ಚಿ ನೋಡುತ್ತಿದ್ದರು.

ಊರಿಗೆ ಬಂದ ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅಂಗಳದಿಂದ ಬಾಚಿಯ ಸಪ್ಪಳ ಕೇಳಿತು. ಮೊದಲು ತಡೆದು ತಡೆದು, ಆಮೇಲೆ ಒಂದೇ ಸಮನೆ. ಅತ್ತೆ ನನ್ನ ಮುಖ ನೋಡಿದರು. ನನ್ನ ಲಕ್ಷ್ಯ ಅಂಗಳಕ್ಕೆ ಹೋಗಿ ರೊಟ್ಟಿ ಒಂದು ಕಡೆ ಉದ್ದಕ್ಕೆ ಜಗ್ಗಿ, ಅಂಚು ಹರಿದೇ ಹೋಯಿತು. ಅಂಥ ರೊಟ್ಟಿಯನ್ನು ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಮಾವನವರು ಮೀಸೆಯಲ್ಲಿ ಕಟ್ಟಿಗೆಯ ಪುಡಿ ಹೊತ್ತು ಒಳಗೆ ಬಂದು, ನಿಂತೇ ಆ ರೊಟ್ಟಿಯನ್ನು ಮುರಿದು ತಿಂದರು. ಕಣ್ಣು ಬಾಗಿಲಾಚೆಯ ಕೂರಿಗೆಯ ಮೇಲಿತ್ತು.

“ಇನ್ನೊಂದು ಕೊಡವ್ವಾ, ಲಗೂನ” ಎಂದರು. ರೊಟ್ಟಿಯ ಕಡೆ ನೋಡಲೇ ಇಲ್ಲ.