ಡಾಕ್ಟರ ಬೈಕಿನ ಗೇರ್ ನಂಬರು

ಹೋದ ವಾರ ಅಂಗಡಿಯ ಕೆಳಗಿನ ಡ್ರಾಯರ್ ಖಾಲಿ ಮಾಡುವಾಗ ಬಾಟಲಿ ಮುಚ್ಚಳದಷ್ಟಗಲದ ಒಂದು ಫೈಬರ್ ಬಿಲ್ಲೆ ಸಿಕ್ಕಿತು. ಅಂಚಿನಲ್ಲಿ ಐದು ಹಿತ್ತಾಳೆ ಚುಕ್ಕೆಗಳು. ಮೂಸಿದರೆ ಇನ್ನೂ ಎಂಜಿನ್ ಆಯಿಲಿನ ವಾಸನೆ... ನಾನೇ ಕೊಯ್ದದ್ದು ಅದು. ಹಾಕಿ ನೋಡಿ, ತೂತು ಸ್ವಲ್ಪ ಓರೆಯಾಗಿದೆ ಎಂದು ತೆಗೆದಿಟ್ಟಿದ್ದೆ. ಎರಡನೆಯದು ಸರಿಯಾಗಿ ಕೂತಿತು. ಅದು ದನದ ಡಾಕ್ಟರ ಬೈಕಿನೊಳಗೆ ಹೋಯಿತು.

ನಿಜ ಹೇಳಬೇಕೆಂದರೆ ಅವರು ಡಾಕ್ಟರಲ್ಲ, ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು. ಆದರೆ ಅಜ್ಜಂಪುರದ ಸುತ್ತಮುತ್ತ ದನ ಕಟ್ಟಿದವರಿಗೆಲ್ಲ ಅವರೇ ಡಾಕ್ಟ್ರು. ಮಿಕ್ಸಿ, ಯುಪಿಎಸ್, ಪಂಪ್‌ಸೆಟ್ಟಿನ ಸ್ಟಾರ್ಟರು ರಿಪೇರಿ ಮಾಡುವ ನನ್ನ ಅಂಗಡಿಯಿಂದ ಎರಡು ಮನೆ ಆಚೆ ಅವರ ಮನೆ. ಬೆಳಿಗ್ಗೆ ಬೈಕ್ ಹತ್ತುವ ಮುಂಚೆ ನನ್ನ ಬಾಗಿಲಲ್ಲಿ ನಿಂತು, "ಇವತ್ತು ಗೌಡ್ರ ಮನೇಲಿ ಹೆರಿಗೆ ಕಣಮ್ಮಾ, ಚೊಚ್ಚಲು" ಎನ್ನುತ್ತಿದ್ದರು. ಹೆರುವುದು ಎಮ್ಮೆ ಎಂದು ತಿಳಿಯಲು ನನಗೆ ಮೊದಮೊದಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಅಷ್ಟರಲ್ಲಿ ಅವರು ನಕ್ಕು ಹೊರಟಿರುತ್ತಿದ್ದರು.

ಒಂದು ಮಧ್ಯಾಹ್ನ ಲಸಿಕೆ ಡಬ್ಬಿಯ ಥರ್ಮಾಮೀಟರ್ ಕೆಟ್ಟಿದೆ ಎಂದು ಅಂಗಡಿಗೆ ಬಂದರು. ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲಿನಲ್ಲಿ ಇರಲಿಲ್ಲ.

"ಡಾಕ್ಟ್ರೇ, ಇನ್ನೊಂದು ಚಪ್ಪಲಿ ಯಾವ ಎಮ್ಮೆಗೆ ಹಾಕಿ ಬಂದ್ರಿ?" ಎಂದು ನಕ್ಕೆ.

ಅವರು ಬಗ್ಗಿ ನೋಡಿಕೊಂಡರು. ಮುಖ ಬಿಳಿಚಿಕೊಂಡಿತು. ಚಪ್ಪಲಿ ಎಲ್ಲಿ ಬಿತ್ತೋ ಅವರಿಗೆ ಗೊತ್ತೇ ಆಗಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಎಲ್ಲ ಹೇಳಿದರು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಎಡಪಾದ ಜೋಮು ಹಿಡಿದು ಆರು ತಿಂಗಳಾಗಿದೆ. ಗೇರು ಬಿತ್ತೋ ಇಲ್ಲವೋ ಕಾಲಿಗೆ ತಿಳಿಯುವುದಿಲ್ಲ. ಎಂಜಿನ್ನಿನ ಸದ್ದು ಕೇಳಿಕೊಂಡು ಓಡಿಸುತ್ತಿದ್ದಾರೆ. ಹಿಂದಿನ ದಿನವಷ್ಟೇ ಇಳಿಜಾರಿನಲ್ಲಿ ಗೇರು ತಪ್ಪಿ ಮೋರಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು.

"ರಿಟೈರ್ ಆಗಕ್ಕೆ ಇನ್ನೆರಡೇ ವರ್ಷ. ಆಫೀಸ್ನಲ್ಲಿ ಗೊತ್ತಾದ್ರೆ ಕಡೂರಿಗೆ ಹಾಕಿ ಫೈಲ್ ಮುಂದೆ ಕೂರಿಸ್ತಾರೆ. ನಾನು ಸತ್ತೇ ಹೋಯ್ತೀನಿ. ಯಾವ ಗೇರಲ್ಲಿದೆ ಅಂತ ಕಣ್ಣಿಗೆ ಕಾಣೋ ಹಂಗೆ ಒಂದು ನಂಬರ್ ಮಾಡ್ಕೊಡ್ತೀಯಾ?" ಎಂದರು. ಎದ್ದು ಹೋಗುವಾಗ, "ನಮ್ಮನೇಲಿ ಹೇಳ್ಬೇಡ" ಎಂದರು. ಆಗಲಿ ಎಂದೆ.

ಮೊದಲ ಸಲ ನಾನು ಜಾಣತನ ಮಾಡಲು ಹೋದೆ. ಗೇರ್ ಲಿವರಿನ ಮೇಲೊಂದು ಕೆಳಗೊಂದು ಸಣ್ಣ ಸ್ವಿಚ್ ಇಟ್ಟು, ಎಷ್ಟು ಸಲ ಒತ್ತಿದರು ಎಂದು ಎಣಿಸುವ ಐಸಿ ಹಾಕಿ, ಹ್ಯಾಂಡಲಿನ ನಡುವೆ ಏಳು ಗೆರೆಗಳಲ್ಲಿ ಕೆಂಪು ಅಂಕಿ ತೋರಿಸುವ ಡಿಸ್‌ಪ್ಲೇ ಕೂರಿಸಿದೆ. ಟೇಬಲ್ಲಿನ ಮೇಲೆ ಚೆಂದ ಓಡಿತು. ಡಾಕ್ಟರು ಅಮೃತಾಪುರದ ಕಡೆ ಹೋಗಿ ಒಂದು ಗಂಟೆಯಲ್ಲಿ ವಾಪಸ್ ಬಂದರು. ಅಂಕಿ ನಾಲ್ಕು ತೋರಿಸುತ್ತಿತ್ತು. ಬೈಕು ಎರಡನೇ ಗೇರಿನಲ್ಲಿ ಅರಚುತ್ತಿತ್ತು. ಅವರು ಅರ್ಧಂಬರ್ಧ ಒತ್ತಿದಾಗ ಗೇರು ಬಿದ್ದಿರಲಿಲ್ಲ, ನನ್ನ ಐಸಿ ಮಾತ್ರ ಒಂದೊಂದೇ ಎಣಿಸಿಕೊಂಡು ಹೋಗಿತ್ತು.

"ನೀನು ನನ್ನ ಕಾಲನ್ನ ನಂಬಿಬಿಟ್ಟೆ ಕಣಮ್ಮಾ. ಅದನ್ನ ನಾನೇ ನಂಬಲ್ಲ" ಎಂದರು. ನಗುತ್ತಲೇ ಅಂದರು. ನನಗೆ ನಾಚಿಕೆಯಾಯಿತು.

ಎಲ್ಲ ಬಿಚ್ಚಿ ಹೊಸದಾಗಿ ಶುರು ಮಾಡಿದೆ. ಗೇರು ಬದಲಾದಾಗಲೆಲ್ಲ ಎಂಜಿನ್ನೊಳಗೆ ಒಂದು ಉರುಳೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. ನ್ಯೂಟ್ರಲ್ಲಿನ ಹಸಿರು ದೀಪ ಹತ್ತಿಸುವ ಸ್ವಿಚ್ಚು ಅದರ ತುದಿಯಲ್ಲೇ ಇರುವುದು. ಆ ಸ್ವಿಚ್ ತೆಗೆದು, ಐದು ಚುಕ್ಕೆಯ ನನ್ನ ಬಿಲ್ಲೆ ಇಟ್ಟೆ. ನ್ಯೂಟ್ರಲ್ಲಿಗೊಂದು, ನಾಲ್ಕು ಗೇರಿಗೆ ನಾಲ್ಕು. ಉರುಳೆ ಯಾವ ಚುಕ್ಕೆಗೆ ತಾಗುತ್ತದೋ ಆ ಅಂಕಿಯ ಗೆರೆಗಳಷ್ಟೇ ಹತ್ತುವಂತೆ ಡಯೋಡ್‌ಗಳನ್ನು ಜೋಡಿಸಿದೆ. ಒಂದು ಬರೆಯಲು ಎರಡು ಗೆರೆ, ನ್ಯೂಟ್ರಲ್ಲಿನ ಸೊನ್ನೆಗೆ ಆರು. ಹೀಗೆ ಲೆಕ್ಕ ಹಾಕಿದರೆ ಇಪ್ಪತ್ತೆರಡು ಡಯೋಡು. ಐಸಿಯ ಗೊಡವೆಯೇ ಇಲ್ಲ. ಗೇರು ನಿಜವಾಗಿ ಬಿದ್ದರೆ ಮಾತ್ರ ಅಂಕಿ ಬದಲಾಗುತ್ತಿತ್ತು. ಬಿಸಿಲಿಗೆ ಕಾಣುವುದಿಲ್ಲ ಎಂದು ಡಾಕ್ಟರೇ ಕಪ್ಪು ರಟ್ಟಿನಿಂದ ಪುಟ್ಟದೊಂದು ಸೂರು ಮಾಡಿ ಅಂಟಿಸಿಕೊಂಡರು.

ಅದು ಒಂದು ದಿನವೂ ಸುಳ್ಳು ಹೇಳಲಿಲ್ಲ. ಅವರು ಮತ್ತೆ ಊರೂರು ತಿರುಗಿದರು. ಸಂಜೆ ಬಂದು ಬಾಗಿಲಲ್ಲಿ ನಿಂತು ಹ್ಯಾಂಡಲ್ ತೋರಿಸಿ, "ಸೊನ್ನೆ ಬಂದದೆ, ಇಳೀಲಾ?" ಎಂದು ನನ್ನ ಅಪ್ಪಣೆ ಕೇಳುವವರಂತೆ ಆಡುತ್ತಿದ್ದರು. ಒಂದೂವರೆ ವರ್ಷ ಹೀಗೇ ಹೋಯಿತು. ನಾನು ಒಂದು ಸಲವೂ, ಕಾಲು ಹೇಗಿದೆ ಡಾಕ್ಟ್ರೇ ಎಂದು ಕೇಳಲಿಲ್ಲ... ಗೇರಿನದ್ದು ಕೇಳುತ್ತಿದ್ದೆ. ಡಿಸ್‌ಪ್ಲೇ ಮಂಕಾಗಿದೆಯೇ, ವೈರು ಸಡಿಲವಾಗಿದೆಯೇ ಎಂದು ಕೇಳುತ್ತಿದ್ದೆ. ಗೇರು ತಪ್ಪಿ ಅವರು ಎಲ್ಲಾದರೂ ಒಮ್ಮೆ ಮೆಲ್ಲಗೆ ಬಿದ್ದಿದ್ದರೆ ಕಾಲಿನ ವಿಷಯ ಮನೆಗೂ ಗೊತ್ತಾಗುತ್ತಿತ್ತು, ಆಫೀಸಿಗೂ ಗೊತ್ತಾಗುತ್ತಿತ್ತು. ಬೀಳದಂತೆ ನಾನು ನೋಡಿಕೊಂಡಿದ್ದೆ. ಹಗಲು ಕಂಡ ಬಾವಿಯಲ್ಲಿ ಇರುಳು ಬೀಳುವುದು ಎಂದರೆ ಇದೇ.

ಒಂದು ಬೇಸಗೆಯಲ್ಲಿ ಜಾಲಿಮುಳ್ಳು ಬೂಟಿನ ಅಟ್ಟೆ ದಾಟಿ ಎಡಪಾದಕ್ಕೆ ಚುಚ್ಚಿತು. ನಾಲ್ಕು ದಿನ ಆ ಮುಳ್ಳಿನ ಮೇಲೇ ಗೇರು ಹಾಕಿಕೊಂಡು ತಿರುಗಿದ್ದಾರೆ. ಐದನೆಯ ದಿನ ಜ್ವರ. ಶಿವಮೊಗ್ಗದಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿರಲಿಲ್ಲ. ಸುದ್ದಿ ಬಂದಾಗ ನಾನು ಯಾರದೋ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದೆ. ಅದನ್ನು ಮುಗಿಸಿಯೇ ಎದ್ದೆ. ಅಳು ಬರಲಿಲ್ಲ. ಮಣ್ಣು ಮಾಡುವಾಗಲೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ತಿಥಿ ಕಳೆದ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಸ್ಟೂಲ್ ಎಳೆದುಕೊಂಡು ಕೂತು ಕೇಳಿದರು: "ಅವ್ರ ಪಾದಕ್ಕೆ ಏನೂ ಗೊತ್ತಾಗ್ತಿರ್ಲಿಲ್ವಂತೆ. ಆಸ್ಪತ್ರೇಲಿ ಹೇಳಿದ್ರು. ನಂಗೊಂದು ಮಾತು ಹೇಳಿದ್ರೆ ದಿನಾ ನಾನೇ ಕಾಲು ತೊಳ್ದು ನೋಡ್ತಿರ್ಲಿಲ್ವೇನೇ? ನಿಂಗೇನಾದ್ರೂ ಗೊತ್ತಿತ್ತಾ?"

"ಇಲ್ಲಕ್ಕಾ" ಎಂದೆ.

ಡಾಕ್ಟರಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದು ಹೇಳಿಕೊಳ್ಳಬಹುದು. ಆದರೆ ಅದಕ್ಕಲ್ಲ, ಹೆದರಿ ಹೇಳಿದ್ದು. ಹಾಗಾದರೆ ಆ ನಂಬರು ಯಾಕೆ ಮಾಡಿಸಿಕೊಂಡರು ಎಂದು ಅಕ್ಕ ಕೇಳಲಿಲ್ಲ. ಗಂಡನಿಗೆ ಶೋಕಿ ಎಂದುಕೊಂಡಿದ್ದರೋ ಏನೋ... ಬೈಕನ್ನು ತರೀಕೆರೆಯ ಯಾರಿಗೋ ಕೊಟ್ಟರು.

ಈಗ ಬರುವ ಬೈಕುಗಳಲ್ಲಿ ಕಂಪನಿಯವರೇ ಗೇರಿನ ಅಂಕಿ ಹಾಕಿ ಕೊಡುತ್ತಾರೆ, ನನ್ನಂಥವಳ ಕೆಲಸವಿಲ್ಲ. ಅಕ್ಕ ಇಂದಿಗೂ ಏನು ಕೆಟ್ಟರೂ ನನ್ನ ಹತ್ತಿರವೇ ತರುತ್ತಾರೆ. ಮೊನ್ನೆ ಸೋಮವಾರ ಇಸ್ತ್ರಿಪೆಟ್ಟಿಗೆ ತಂದಿದ್ದರು. ಕಾಯುತ್ತಿದ್ದ ಸಿಂಗಟಗೆರೆ ಕಡೆಯ ಹೆಂಗಸೊಬ್ಬರಿಗೆ ನನ್ನನ್ನು ತೋರಿಸಿ, "ಗಾಡಿಯ ವೈರು ಗೀರು ಎಲ್ಲಾ ಇವಳೇ ನೋಡ್ತಿದ್ಲು. ನಮ್ಮನೆಯವರು ಕೊನೇವರೆಗೂ ಗಾಡಿ ಓಡಿಸಿದ್ದು ಇವಳಿಂದ್ಲೇ ಕಣ್ರೀ" ಎಂದರು. ಹೆಮ್ಮೆಯಿಂದಲೇ ಅಂದರು.

ನಾನು ತಲೆ ಎತ್ತದೆ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಹೌದಕ್ಕಾ, ನನ್ನಿಂದಲೇ. ಅಷ್ಟು ಮಾತು ಇನ್ನೂ ಬಾಯಿಗೆ ಬಂದಿಲ್ಲ.