ಒಣಗದ ಓಬುಳಮ್ಮ

ಹಿಂದೂಪುರದ ನಮ್ಮ ಬೀದಿಯ ಕೊನೆಯಲ್ಲಿ ಒಂದು ಎಣ್ಣೆ ಗಾಣವಿದೆ. ಮೊನ್ನೆ ಅಲ್ಲಿ ಕಾಲು ಲೀಟರ್ ಕುಸುಬೆ ಎಣ್ಣೆ ಕೇಳಿದೆ. "ಅಡಿಗೇಗಾ ಮೇಡಂ?" ಎಂದರು ಗಾಣದವರು. ಹೌದೆಂದೆ. ಚಿತ್ರ ಬರೆಯುವುದಕ್ಕೆ ಎಂದರೆ ಮಾತು ಬೆಳೆಯುತ್ತದೆ, ಬೆಳೆದು ಬೆಳೆದು ಮನೆಯಲ್ಲಿ ಎಷ್ಟು ಜನ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅವರು ಸೀಸೆ ತುಂಬುತ್ತಿದ್ದಾಗ ಪಕ್ಕದಲ್ಲಿ ಗಾಣ ಕಡಲೆಕಾಯಿ ಅರೆಯುತ್ತಿತ್ತು. ಆ ಹೊಸ ಎಣ್ಣೆಯ ವಾಸನೆ ನಿಮಗೂ ಗೊತ್ತಿರಬೇಕು. ಬಹಳ ಜನಕ್ಕೆ ಅದರಿಂದ ಹಸಿವಾಗುತ್ತದೆ. ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಬೇಕು.

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂಬತ್ತು ವರ್ಷದ ಹಿಂದೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಆಗ ನನಗೆ ಮೂವತ್ತೆಂಟು. ಮದುವೆಯ ಮಾತನ್ನು ಅಣ್ಣ ಅತ್ತಿಗೆ ಎತ್ತುವುದು ಬಿಟ್ಟು ಕೆಲಕಾಲವಾಗಿತ್ತು. ಊರು ಗೊತ್ತಿಲ್ಲ, ಜನ ಗೊತ್ತಿಲ್ಲ. "ಪಿಡಿಕಿಲಿ ಬಿಗಿಂಚಂಡಿ" ಎಂದು ತೆಲುಗಿನಲ್ಲಿ ಮುಷ್ಟಿ ಬಿಗಿ ಹಿಡಿಯಲು ಹೇಳುವುದು, ರಕ್ತ ಬರತೊಡಗಿದ ಮೇಲೆ "ವದಲಂಡಿ" ಎಂದು ಬಿಡಲು ಹೇಳುವುದು, ಇವೆರಡು ಬಿಟ್ಟರೆ ದಿನಕ್ಕೆ ನಾನಾಡುವ ಮಾತೇ ಇರಲಿಲ್ಲ. ಸಂಜೆ ಕೋಣೆಗೆ ಬಂದು ಬೀಗ ತೆಗೆದರೆ ಆ ಬೀಗದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು.

ಹೀಗಿರುವಾಗ ಫೋನಿನಲ್ಲಿ ಒಬ್ಬ ಗಡ್ಡದ ಮನುಷ್ಯ ತೈಲವರ್ಣದಲ್ಲಿ ಚಿತ್ರ ಬರೆಯುವುದನ್ನು ನೋಡಿದೆ. ಮರುದಿನವೂ ನೋಡಿದೆ. ಆತ ಹೇಳುವ ಸಾಮಾನುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಎಲ್ಲವೂ ಬಜಾರಿನಲ್ಲಿ ಸಿಕ್ಕೇ ಸಿಗುತ್ತವೆ ಎಂಬ ಧೈರ್ಯದಲ್ಲಿ ಹೊರಟೆ. ಬಣ್ಣದ ಹನ್ನೆರಡು ಟ್ಯೂಬುಗಳ ಪೆಟ್ಟಿಗೆಯನ್ನು ಹಬ್ಬಕ್ಕೆ ಹಿಂದೂಪುರಕ್ಕೆ ಹೋದಾಗ ಹೇಗೋ ಸಂಪಾದಿಸಿದ್ದೆ. ಮಿಕ್ಕದ್ದು ಒಂದೂ ಸಿಗಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ರಷ್ ಕೇಳಿದರೆ, "ಬಾಗಿಲಿಗಾ ಮೇಡಂ, ಗ್ರಿಲ್ಲಿಗಾ?" ಎಂದರು. ಮನುಷ್ಯರ ಮುಖಕ್ಕೆ ಎಂದೆ. ಅಂಗಡಿಯವರು ಸ್ವಲ್ಪ ಯೋಚಿಸಿ, ಹಾಗಾದರೆ ಗ್ರಿಲ್ಲಿನದೇ ಸರಿಹೋಗುತ್ತದೆ ಎಂದು ತೀರ್ಮಾನಿಸಿ ಕೊಟ್ಟರು. ಅದರ ಕೂದಲನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿಕೊಂಡೆ. ಕ್ಯಾನ್ವಾಸಿನ ಬದಲು ದರ್ಜಿಯ ಹತ್ತಿರ ಕೋರಾ ಬಟ್ಟೆ ತಂದೆ. ಬಣ್ಣ ಕಲಸುವ ಹಲಗೆಯಾಗಿ ನೆಲಕ್ಕೆ ಹಾಸಿ ಮಿಕ್ಕಿದ್ದ ಒಂದು ಟೈಲು.

ಆ ಟೈಲು ಕೊಟ್ಟವರು ಓಬುಳಮ್ಮ. ಕೆಳಗಿನ ಮನೆಯಲ್ಲಿದ್ದ, ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸು. ನನ್ನ ಹಾಗೆ ಮನೆಮಾತು ಕನ್ನಡ. ಅರವತ್ತು ದಾಟಿತ್ತು, ಗಂಡ ಇರಲಿಲ್ಲ. ಮನೆಯ ಮುಂದೆ ಕೂತು ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ನಾನು ಬಟ್ಟೆಯನ್ನು ಗೋಡೆಗೆ ಅಂಟಿಸಲು ಹೆಣಗುವುದನ್ನು ನೋಡಿ, ಸೊಳ್ಳೆ ಪರದೆ ಹರಿದುಹೋದ ಒಂದು ಕಿಟಕಿ ಚೌಕಟ್ಟನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. "ಇದ್ಕೆ ಬಿಗಿ ಕಣಮ್ಮ. ಕೌದಿಗೂ ಹಂಗೇ, ಸಡ್ಲ ಬಿಟ್ರೆ ಸುಕ್ಕಾಯ್ತದೆ" ಎಂದು, ತಾವೇ ಬಟ್ಟೆಯ ಅಂಚು ಮಡಿಚಿ ಮೊಳೆ ಹೊಡೆದುಕೊಟ್ಟರು. ಮರಗೆಲಸದ ಬಿಳಿ ಗೋಂದಿಗೆ ಸೀಮೆಸುಣ್ಣದ ಪುಡಿ ಕಲಸಿ ಬಟ್ಟೆಯ ಮೇಲೆ ಇಬ್ಬರೂ ಸೇರಿ ಬಳಿದೆವು. ಆ ಊರಿನಲ್ಲಿ ನಾನು ನಕ್ಕ ಮೊದಲ ದಿನ ಅದು.

"ಮೊದ್ಲು ಏನ್ ಬರೀತೀಯಾ?" ಎಂದು ಕೇಳಿದರು.

"ಗೊತ್ತಿಲ್ಲ ಅಕ್ಕ. ಒಂದು ಬದನೆಕಾಯಿ, ಟೊಮೇಟೊ."

"ಅವು ದಿನಾ ಸಿಗ್ತವೆ. ನನ್ನೇ ಬರಿ. ನಂದೊಂದು ಫೋಟೋ ಇಲ್ಲ ಕಣಮ್ಮ. ಆಧಾರ್ ಕಾರ್ಡಾಗಿರೋದು ನಾನಲ್ಲ, ಅದ್ಯಾವಳೋ. ನಮ್ ಯಜಮಾನ್ರ ಪಕ್ಕ ಹಾಕ್ತೀನಿ. ಹಾರ ಹಾಕೋಕ್ ಮುಂಚೆ ನಾನೂ ಒಂದ್ ದಪ ನೋಡ್ಕೋಬೇಕಲ್ಲ."

ಹಾಗೆ ಭಾನುವಾರಗಳಂದು ಅವರು ನನ್ನ ಕಿಟಕಿಯ ಪಕ್ಕ ಕೂರತೊಡಗಿದರು. ನಾನೋ ಕಲಿಯುವವಳು. ಮೂಗನ್ನೇ ಮೂರು ಸಲ ಬರೆದೆ. ಬಣ್ಣ ಗಟ್ಟಿಯಾಗಿತ್ತು, ಎಳೆದರೆ ಹರಡುತ್ತಿರಲಿಲ್ಲ. ಅಗಸೆ ಎಣ್ಣೆ ಬೇಕು ಎಂದಿದ್ದ ಆ ಫೋನಿನ ಮನುಷ್ಯ. ಅಗಸೆ ಎಣ್ಣೆ ಸಿಗಲಿಲ್ಲ. ಟರ್ಪೆಂಟೈನ್ ಬಳಸಿದರೆ ಆ ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಕೆಮ್ಮು. ಎಣ್ಣೆ ಎಂದ ಮೇಲೆ ಎಣ್ಣೆಯೇ ಅಲ್ಲವೇ ಎಂದು ಅಡುಗೆಯ ಕಡಲೆಕಾಯಿ ಎಣ್ಣೆ ಬೆರೆಸಿದೆ. ಬಣ್ಣ ಬೆಣ್ಣೆಯ ಹಾಗೆ ಹರಿಯಿತು. ಓಬುಳಮ್ಮನ ಕೆನ್ನೆ, ಗದ್ದ, ಕಿವಿಯ ಓಲೆ ಒಂದೊಂದೇ ಬಂದವು. ನನ್ನ ಕೈಯಿಂದಲೇ ಬಂತೇ ಎಂದು ನನಗೇ ಅನುಮಾನವಾಗುವಷ್ಟು ಅವರು ಬಂದರು. ಚಿತ್ರ ಚೆನ್ನಾಗಿತ್ತು ಎನ್ನುತ್ತಿಲ್ಲ. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಆದರೆ ಏನೋ ಹೇಳಲು ಬಾಯಿ ತೆರೆಯುವ ಮುಂಚೆ ಅವರ ತುಟಿ ಒಂದು ಕಡೆ ಎಳೆಯುತ್ತಿತ್ತಲ್ಲ, ಅದು ಬಂದಿತ್ತು.

"ವಾರದಲ್ಲಿ ಒಣಗುತ್ತೆ ಅಕ್ಕ" ಎಂದೆ. ಅವರು ಅಂದೇ ಕೆಳಗೆ ಯಜಮಾನರ ಫೋಟೋದ ಪಕ್ಕ ಗೋಡೆಗೆ ಮೊಳೆ ಹೊಡೆಸಿದರು.

ಕಡಲೆಕಾಯಿ ಎಣ್ಣೆ ಒಣಗುವ ಜಾತಿಯದಲ್ಲ. ಅಗಸೆ ಒಣಗುತ್ತದೆ, ಕುಸುಬೆಯೂ ನಿಧಾನವಾಗಿಯಾದರೂ ಒಣಗುತ್ತದೆ, ಕಡಲೆಕಾಯಿ ಮಾತ್ರ ಇಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ದಿನವೂ ಹತ್ತಾರು ಜನರ ರಕ್ತವನ್ನು ಗಾಜಿನ ಮೇಲೆ ಎಳೆದು ನಿಮಿಷದಲ್ಲಿ ಒಣಗಿಸುವ ನಾನು, ಮನೆಗೆ ಬಂದು ಒಂದು ಮುಖ ಒಣಗಲಿ ಎಂದು ಕಾಯುತ್ತಿದ್ದೆ. ದಿನ ಬೆಳಗ್ಗೆ ಓಬುಳಮ್ಮ ಕಾಫಿ ಲೋಟ ಹಿಡಿದು ಬಂದು, "ಆರ್ತೇನಮ್ಮ?" ಎಂದು ಬೆರಳಿಂದ ತಮ್ಮ ಕೆನ್ನೆಯನ್ನು ಮುಟ್ಟಿ ನೋಡುತ್ತಿದ್ದರು. ಬೆರಳಿಗೆ ಬಣ್ಣ ಅಂಟುತ್ತಿತ್ತು, ಸೆರಗಿಗೆ ಒರೆಸಿಕೊಂಡು ಇಳಿದುಹೋಗುತ್ತಿದ್ದರು. ಒಂದು ತಿಂಗಳಾಯಿತು, ಎರಡಾಯಿತು. ಬೇಸಿಗೆಯ ಧೂಳೆಲ್ಲ ಬಂದು ಮುಖಕ್ಕೆ ಕೂತಿತು. ಹಣೆಯ ಮೇಲೆ ಒಂದು ಸೊಳ್ಳೆ ಸಿಕ್ಕಿಕೊಂಡಿತು. ನನಗೆ ಆ ಚಿತ್ರವನ್ನು ನೋಡಿದರೆ ನನ್ನ ದಡ್ಡತನವೇ ಎದುರು ಕೂತ ಹಾಗೆ ಅನ್ನಿಸತೊಡಗಿತು.

ಅಷ್ಟರಲ್ಲಿ ಓಬುಳಮ್ಮ ತಂಗಿಯ ಮನೆಯ ಮದುವೆಗೆಂದು ಲೇಪಾಕ್ಷಿ ಕಡೆ ನಾಲ್ಕು ದಿನ ಹೋದರು. ಅವರು ಬರುವಷ್ಟರಲ್ಲಿ ಎಲ್ಲ ತೆಗೆದು ಹೊಸದಾಗಿ ಶುರುಮಾಡೋಣ ಎಂದುಕೊಂಡೆ. ಲ್ಯಾಬಿನ ಗಾಜಿನ ಅಂಚಿನಿಂದ ಕೆರೆದೆ. ಟರ್ಪೆಂಟೈನ್ ಹಾಕಿ ಒರೆಸಿದೆ. ಬಟ್ಟೆಯ ಮೇಲೆ ಕಂದು ಕಲೆಯೊಂದು ಉಳಿಯಿತು.

ಅವರು ಮದುವೆಮನೆಯ ಹೋಳಿಗೆ ಹಿಡಿದು ನೇರ ಮೇಲಕ್ಕೇ ಬಂದರು. ಚೌಕಟ್ಟಿನ ಮುಂದೆ ನಿಂತರು.

"ಎಲ್ಲೋದ್ನಮ್ಮ ನಾನು?"

"ಅದು ಒಣಗೋದಿಲ್ಲ ಅಕ್ಕ. ಬೇರೆ ಎಣ್ಣೆ ತರಿಸಿ ಇನ್ನೂ ಚೆನ್ನಾಗಿ ಬರೀತೀನಿ."

"ಒಣಗ್ದಿದ್ರೆ ಹಸೀದೇ ಇರ್ತಿತ್ತು. ನಾನ್ ಬ್ಯಾಡ ಅಂದ್ನಾ? ನನ್ ಮುಖ ಅಲ್ವೇನಮ್ಮ ಅದು, ಒಂದ್ ಮಾತು ಕೇಳ್ಬೇಕಿತ್ತು."

ಹೋಳಿಗೆಯನ್ನು ಮೇಜಿನ ಮೇಲಿಟ್ಟು ಇಳಿದುಹೋದರು. ಮರುದಿನ ಕಾಫಿ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ನಾನಾದರೂ ಇಳಿದು ಹೋಗಬಹುದಿತ್ತು. ಸರಿಯಾದ ಎಣ್ಣೆ ಸಿಗಲಿ, ಚಿತ್ರವನ್ನು ಕೈಯಲ್ಲಿ ಹಿಡಿದೇ ಹೋಗಿ ತಪ್ಪಾಯಿತು ಎನ್ನೋಣ ಎಂದು ಕಾದೆ. ತಪ್ಪಾಯಿತು ಎನ್ನುವುದಕ್ಕೆ ಯಾವ ಎಣ್ಣೆಯೂ ಬೇಕಿರಲಿಲ್ಲ. ಕಾಯುತ್ತಿದ್ದಾಗಲೇ ಹಿಂದೂಪುರಕ್ಕೆ ವರ್ಗವಾಯಿತು. ಬೀಗದ ಕೈ ಒಪ್ಪಿಸಲು ಹೋದಾಗ ಆ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದ್ದರು. "ಹೋಗ್ಬುಟ್ ಬಾ" ಎಂದರು, ಅಷ್ಟೇ.

ಇದಾಗಿ ಏಳು ವರ್ಷ. ಈಗ ನನ್ನ ಹತ್ತಿರ ಎಲ್ಲವೂ ಇದೆ. ಹಂದಿಕೂದಲಿನ ಬ್ರಷ್ಷು, ಬಿಗಿದೇ ಬರುವ ಕ್ಯಾನ್ವಾಸು, ಬೇಕೆಂದರೆ ಅಗಸೆ ಎಣ್ಣೆಯೂ ಕೊರಿಯರಿನಲ್ಲಿ ಬರುತ್ತದೆ. ಬಿಳಿ ಬಣ್ಣ ಹಳದಿಯಾಗದಿರಲಿ ಎಂದು ಅದಕ್ಕೆ ಮಾತ್ರ ಕುಸುಬೆ ಬೆರೆಸುವಷ್ಟು ಜಾಣತನವೂ ಬಂದಿದೆ. ಇಷ್ಟೆಲ್ಲ ಇಟ್ಟುಕೊಂಡು ಓಬುಳಮ್ಮನನ್ನು ನೆನಪಿನಿಂದ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಕಣ್ಣುಗಳು ಸರಿಯಾಗಿ ಒಂದೇ ಮಟ್ಟದಲ್ಲಿ ಬಂದವು, ಮುಖ ಮಾತ್ರ ಯಾರದೋ ಆಯಿತು. ತುಟಿ ಎಡಕ್ಕೆ ಎಳೆಯುತ್ತಿತ್ತೋ ಬಲಕ್ಕೋ, ಅದೇ ಮರೆತುಹೋಗಿದೆ.

ಗಾಣದಿಂದ ಬಂದವಳು ಸೀಸೆಯನ್ನು ಮೇಜಿನ ಮೇಲಿಟ್ಟು ಫೋನು ತೆಗೆದೆ. ಏಳು ವರ್ಷ ಮುಟ್ಟದ ನಂಬರು. ಒಬ್ಬಳೇ ಇದ್ದೂ ಇದ್ದೂ ಮಾತು ಶುರುಮಾಡುವುದು ಹೇಗೆಂಬುದೇ ಮರೆತಿರುತ್ತದೆ ನೋಡಿ, ಎರಡು ಸಲ ಒತ್ತಿ ಕಟ್ ಮಾಡಿದೆ. ಮೂರನೆಯ ಸಲ ಎತ್ತಿದರು.

"ನಾನು ಅಕ್ಕ, ಮಹಡಿ ಮೇಲಿದ್ದ ಲ್ಯಾಬಿನವಳು. ಆವತ್ತು ನಿಮ್ಮನ್ನ ಕೇಳದೆ ಕೆರೆದದ್ದು ತಪ್ಪಾಯ್ತು."

ಹಿಂದೆಲ್ಲೋ ಟೀವಿಯಲ್ಲಿ ತೆಲುಗು ಮಾತು.

"ಇದ್ನ ಹೇಳಾಕೆ ಏಳ್ ವರ್ಸ ಬೇಕಾಯ್ತೇನಮ್ಮ ನಿಂಗೆ?"

"ಹೂಂ ಅಕ್ಕ. ಇನ್ನೊಂದು ಸಲ ಬರೀಲಾ?"

"ಆವತ್ತಿನೋಳ್ನ ಎಲ್ಲಿಂದ ತರ್ಲಿ? ಹಲ್ಲೋಗವೆ, ಒಂದ್ ಕಣ್ಣು ಆಪರೇಸನ್ ಆಗೈತೆ. ಈಗಿರೋಳ್ನ ಬರೀತೀನಿ ಅಂದ್ರೆ ಬಾ."

"ಬರ್ತೀನಿ ಅಕ್ಕ."

ನಾಳೆ ಎರಡನೇ ಶನಿವಾರ, ರಜೆ. ಎರಡು ಬಸ್ಸು ಬದಲಿಸಬೇಕು. ಬ್ರಷ್ಷು, ಬಣ್ಣ, ಕ್ಯಾನ್ವಾಸು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ನೆನಪಿನಿಂದ ಬರೆದ ಆ ಮೂರನ್ನೂ ಗೋಡೆಯ ಕಡೆಗೆ ತಿರುಗಿಸಿಟ್ಟೆ. ಆ ಹಳೆಯ ಮುಖವನ್ನು ನೆನಪು ಮಾಡಿಕೊಳ್ಳುವುದನ್ನೂ ನಿಲ್ಲಿಸಿದ್ದೇನೆ. ನಾಳೆ ನನ್ನ ಎದುರು ಕೂರುವವರಿಗೆ ಅದು ಅಡ್ಡ ಬರಬಾರದು.